ಮಕ್ಕಳೂ ತ್ರಿವಿಧ ಪಂದ್ಯವೂ

ನಮ್ಮ ರೋಣದ ಕಡೆಯ ಮಕ್ಕಳಿಗೆ ಓಟವನ್ನು ಯಾರೂ ಕಲಿಸಬೇಕಾದುದಿಲ್ಲ. ಹೊಲದಲ್ಲಿರುವ ತಂದೆಗೆ ಬುತ್ತಿ ಮುಟ್ಟಿಸಲು ಎರೆಯ ಬದುವಿನ ಮೇಲೆ ಓಡಿ ಓಡಿಯೇ ಅವರ ಕಾಲುಗಳು ಗಟ್ಟಿಯಾಗಿರುತ್ತವೆ. ಸಾಯಕಲ್ಲನ್ನೂ ಯಾರೂ ಕಲಿಸಬೇಕಾದುದಿಲ್ಲ; ಆಸನಕ್ಕೆ ಎತ್ತರ ಸಾಲದ ವಯಸ್ಸಿನಲ್ಲಿಯೇ ನಡುವಿನ ತ್ರಿಕೋನದೊಳಗೆ ಕಾಲು ತೂರಿಸಿ, ಸೊಂಟವನ್ನು ಒಂದು ಬದಿಗೆ ಬಾಗಿಸಿ ತುಳಿಯುತ್ತ ಹೋಗುವ ಹುಡುಗರನ್ನು ನಮ್ಮ ಓಣಿಗಳಲ್ಲಿ ಯಾರು ಕಂಡಿಲ್ಲ? ಸರಕಾರವು ೨೦೦೬-೦೭ನೆಯ ಸಾಲಿನಿಂದ ತೊಡಗಿ ಹಲವು ವರ್ಷಗಳವರೆಗೆ ಎಂಟನೆಯ ತರಗತಿಯ ಬಾಲಕ ಬಾಲಿಕೆಯರಿಗೆ ಸಾಯಕಲ್ಲುಗಳನ್ನು ಹಂಚಿದ ಮೇಲಂತೂ ಹೆಣ್ಣುಮಕ್ಕಳು ಸಾಯಕಲ್ಲು ಹೊಡೆಯುವುದು ಹಳ್ಳಿಗಳಲ್ಲಿಯೂ ಮಾತಿಗೆ ಆಸ್ಪದವಿಲ್ಲದ ಸಂಗತಿಯಾಯಿತು. ಆದರೆ ನೀರಿನ ಮಾತು ಬಂದಾಗ ನಮ್ಮ ಸೀಮೆ ಹಿಂಜರಿಯುತ್ತದೆ. ಮಳೆ ಕಡಿಮೆ; ಉತ್ತರದ ಅಂಚಿನಲ್ಲಿ ಹರಿಯುವ ಮಲಪ್ರಭೆಯೊಂದನ್ನು ಬಿಟ್ಟರೆ ಹೊಳೆಯೆಂಬುದಿಲ್ಲ; ಬಾವಿಗಳು ಆಳ. ಆದುದರಿಂದ ನೀರನ್ನು ಕಂಡರೆ ಆಸೆಯೂ ಉಂಟು, ಅಂಜಿಕೆಯೂ ಉಂಟು. ಅದರೊಡನೆ ಬಳಕೆ ಮಾತ್ರ ಇಲ್ಲ.

ನಮ್ಮ ಮನೆಯಲ್ಲಿ ಈ ಅಂಜಿಕೆಗೆ ಒಂದು ಹೆಸರೇ ಇತ್ತು. ಅದು ನನ್ನ ಸೋದರಮಾವನ ಹೆಸರು. ನಾನು ಹುಟ್ಟುವುದಕ್ಕಿಂತ ಮೊದಲೇ, ಆತನಿಗೆ ಹತ್ತು ವರ್ಷವಾಗಿದ್ದಾಗ, ತೋಟದ ಬಾವಿಗೆ ಬಿದ್ದ ಚಂಡನ್ನು ತೆಗೆಯಲು ಇಳಿದು ಕಾಲು ಜಾರಿ ಹೋದನು. ದಂಡೆಯ ಮೇಲೆ ನಾಲ್ಕು ಮಂದಿ ದೊಡ್ಡವರಿದ್ದರು. ಅವರಲ್ಲಿ ಒಬ್ಬರಿಗೂ ಈಜು ಬಾರದು. ನೀರು ಸೇದುವ ಹಗ್ಗವು ಅವರ ಕಾಲ ಬಳಿಯಲ್ಲಿಯೇ ಸುರುಳಿಯಾಗಿ ಬಿದ್ದಿದ್ದಿತು. ಗಾಬರಿಯಲ್ಲಿ ಯಾರಿಗೂ ಅದರ ನೆನಪಾಗಲಿಲ್ಲ. ಪಕ್ಕದ ಹೊಲದಿಂದ ಈಜು ಬಲ್ಲವನೊಬ್ಬನು ಓಡಿ ಬರುವಷ್ಟರಲ್ಲಿ ಎಲ್ಲವೂ ಮುಗಿದಿದ್ದಿತು. ಅಂದಿನಿಂದ ನನ್ನ ತಾಯಿ ನೀರನ್ನು ನಂಬಲಿಲ್ಲ. ನಮ್ಮನ್ನು ನೀರಿನ ಸಮೀಪಕ್ಕೆ ಬಿಡಲಿಲ್ಲ. ಹೀಗಾಗಿ ನಾಲ್ವತ್ತಮೂರು ವರ್ಷದ ಗೃಹಸ್ಥನಾದ ನನಗೂ ಈಜು ಬಾರದು ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದ್ದಿತು.

ಇಂಥ ಮನೆಗೆ ಒಂದು ದಿನ ಬೆಂಗಳೂರಿನಿಂದ ಬಂದ ನೆಂಟರು ಮಕ್ಕಳ ಟ್ರಯಥ್ಲಾನ್ ಪಂದ್ಯದ ಸುದ್ದಿಯನ್ನು ತಂದರು. ಹನ್ನೆರಡು ವರ್ಷದ ನನ್ನ ಅಣ್ಣನ ಮಗಳೂ ಹತ್ತು ವರ್ಷದ ನನ್ನ ಮಗನೂ ಆ ಮಾತನ್ನು ಕಣ್ಣರಳಿಸಿ ಕೇಳಿದರು. ನೆಂಟರು ಹೋದರು, ಸುದ್ದಿ ಮಾತ್ರ ಉಳಿಯಿತು. ಆ ಇಬ್ಬರು ಮಕ್ಕಳ ಆರು ತಿಂಗಳ ಅಭ್ಯಾಸದಿಂದ ನಾವು ಕಲಿತುದನ್ನು ಇತರ ಗೃಹಸ್ಥರಿಗೂ ತಿಳಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಮೊದಲು ಈ ಪಂದ್ಯವೆಂದರೇನೆಂಬುದನ್ನು ಹೇಳುವೆನು. ಗ್ರೀಕ ಭಾಷೆಯಲ್ಲಿ ‘ಟ್ರಿ’ ಎಂದರೆ ಮೂರು. ‘ಆಥ್ಲೋಸ್’ ಎಂದರೆ ಪಂದ್ಯ. ಮೊದಲು ಈಜುವುದು, ಆಮೇಲೆ ಸಾಯಕಲ್ಲು ತುಳಿಯುವುದು, ಕೊನೆಗೆ ಓಡುವುದು. ನಡುವೆ ವಿಶ್ರಾಂತಿಯಿಲ್ಲ, ಗಡಿಯಾರವೂ ನಿಲ್ಲುವುದಿಲ್ಲ. ಈ ಕ್ರಮದಲ್ಲಿ ಒಂದು ವಿವೇಕವಿದೆ. ದಣಿದವನು ಓಡುವಾಗ ದಾರಿಯ ಬದಿಯಲ್ಲಿ ಕುಳಿತುಕೊಳ್ಳಬಹುದು; ಸಾಯಕಲ್ಲಿನ ಮೇಲೆ ದಣಿದರೆ ಬಿದ್ದು ಮೊಣಕಾಲು ಕೆತ್ತಿಕೊಂಡಾನು; ನೀರಿನಲ್ಲಿ ದಣಿದವನಿಗೆ ಕುಳಿತುಕೊಳ್ಳಲು ಸ್ಥಳವೇ ಇಲ್ಲ. ಆದುದರಿಂದ ಮೈಯಲ್ಲಿ ಹೊಸ ಕಸುವಿರುವಾಗಲೇ ನೀರನ್ನು ದಾಟಿಸಿಬಿಡುವರು.

ಇದು ಹಳೆಯ ಆಟವಲ್ಲ. ಅಮೇರಿಕೆಯ ಸ್ಯಾನ್ ಡಿಯಾಗೋ ಪಟ್ಟಣದ ಮಿಶನ್ ಬೇ ಎಂಬ ಕೊಲ್ಲಿಯಲ್ಲಿ ೧೯೭೪ನೆಯ ಸಪ್ಟಂಬರ ೨೫ರಂದು ಅಲ್ಲಿಯ ಓಟಗಾರರ ಸಂಘವೊಂದು ಈ ಹೆಸರಿನ ಪಂದ್ಯವನ್ನು ಏರ್ಪಡಿಸಿತು. ನಾಲ್ಕು ವರ್ಷಗಳ ತರುವಾಯ, ೧೯೭೮ರಲ್ಲಿ, ಹವಾಯಿ ದ್ವೀಪದಲ್ಲಿ ಹದಿನೈದು ಮಂದಿ ಇದಕ್ಕಿಂತ ಬಹಳ ಘೋರವಾದ ಪಂದ್ಯಕ್ಕೆ ಇಳಿದರು. ಹನ್ನೆರಡು ಮಂದಿ ಮುಗಿಸಿದರು. ‘ಉಕ್ಕಿನ ಮನುಷ್ಯ’ ಎಂಬ ಅರ್ಥದ ಐರನ್‌ಮ್ಯಾನ್ ಎಂಬ ಹೆಸರು ಅಲ್ಲಿಂದ ಬಂದಿತು. ಅದರಲ್ಲಿ ಸುಮಾರು ೩.೮ ಕಿಲೋಮೀಟರು ಈಜು, ೧೮೦ ಕಿಲೋಮೀಟರು ಸಾಯಕಲ್ಲು, ೪೨ ಕಿಲೋಮೀಟರಿಗೆ ಮಿಕ್ಕ ಓಟ. ೨೦೦೦ನೆಯ ಇಸವಿಯಲ್ಲಿ ಸಿಡ್ನಿಯಲ್ಲಿ ಜರುಗಿದ ಒಲಿಂಪಿಕ್ ಕ್ರೀಡೆಗಳಲ್ಲಿ ತ್ರಿವಿಧ ಪಂದ್ಯವು ಮೊದಲ ಬಾರಿ ಸೇರಿತು. ಅಲ್ಲಿಯ ಅಳತೆ ಈಜು ಒಂದೂವರೆ ಕಿಲೋಮೀಟರು, ಸಾಯಕಲ್ಲು ನಾಲ್ವತ್ತು, ಓಟ ಹತ್ತು. ನಾಲ್ವತ್ತು ಕಿಲೋಮೀಟರೆಂದರೆ ಸುಮಾರಾಗಿ ರೋಣದಿಂದ ಗದಗಿಗೆ ಇರುವ ದಾರಿ ಎಂದು ತಿಳಿದರೆ ನಮ್ಮವರಿಗೆ ಅಂದಾಜು ಸಿಕ್ಕೀತು. ನಮ್ಮ ನೈಋತ್ಯ ರೈಲ್ವೆಯ ಅಧಿಕಾರಿಗಳಾದ ಶ್ರೇಯಸ್ ಹೊಸೂರರು ೨೦೨೨ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಆ ಉಕ್ಕಿನ ಪಂದ್ಯವನ್ನೇ ಪೂರೈಸಿದರು. ಆದುದರಿಂದ ಇದು ಪರದೇಶದವರ ಮೈಗೆ ಮಾತ್ರ ಒಗ್ಗುವ ಆಟವೆನ್ನುವಂತಿಲ್ಲ.

ಈ ಅಂಕೆಗಳನ್ನು ಕಂಡು ತಾಯಂದಿರು ಗಾಬರಿಯಾಗಬೇಕಾದುದಿಲ್ಲ. ಮಕ್ಕಳ ಅಳತೆ ಬೇರೆ. ಅಮೇರಿಕೆಯ ಟ್ರಯಥ್ಲಾನ್ ಸಂಸ್ಥೆಯವರು ಏಳರಿಂದ ಹತ್ತು ವರ್ಷದ ಮಕ್ಕಳಿಗೆ ೧೦೦ ಮೀಟರು ಈಜು, ೫ ಕಿಲೋಮೀಟರು ಸಾಯಕಲ್ಲು, ೧ ಕಿಲೋಮೀಟರು ಓಟ ಎಂದೂ, ಅದಕ್ಕೆ ಮೇಲ್ಪಟ್ಟ ಹದಿಹರೆಯದ ಮಕ್ಕಳಿಗೆ ಇದರ ಇಮ್ಮಡಿ, ಅಂದರೆ ೨೦೦ ಮೀಟರು, ೧೦ ಕಿಲೋಮೀಟರು, ೨ ಕಿಲೋಮೀಟರು ಎಂದೂ ವಾಡಿಕೆಯಿಟ್ಟಿದ್ದಾರೆ. ನಮ್ಮ ಮಕ್ಕಳು ಹೋಗಲಿದ್ದ ಪಂದ್ಯದ ಅಳತೆಯೂ ಇದೇ ಆಗಿದ್ದಿತು. ನೂರು ಮೀಟರೆಂದರೆ ಇಪ್ಪತ್ತೈದು ಮೀಟರಿನ ಈಜುಕೊಳವನ್ನು ನಾಲ್ಕು ಸಲ ದಾಟುವುದು. ಇನ್ನೂರೆಂದರೆ ಎಂಟು ಸಲ. ಐದು ಕಿಲೋಮೀಟರಿನ ಸಾಯಕಲ್ಲನ್ನು ನಮ್ಮ ಹಳ್ಳಿಯ ಮಗು ಶಾಲೆಗೆ ಹೋಗಿ ಬರುವಲ್ಲಿಯೇ ಮುಗಿಸುತ್ತದೆ. ಹೀಗಾಗಿ ಮೂರರಲ್ಲಿ ಎರಡು ಭಾಗ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಬಂದ ಸೊತ್ತು. ಉಳಿದದ್ದು ನೀರು.

ಆ ನೀರಿನ ಮಾತನ್ನು ತಾಯಿಯ ಮುಂದೆ ಹೇಗೆ ತೆಗೆಯುವುದೆಂದು ನಾನೂ ಅಣ್ಣನೂ ಎಂಟು ದಿನ ಆಲೋಚಿಸಿದೆವು. ಕೊನೆಗೆ ಒಂದು ಸಂಜೆ ಹೇಳಿದೆ. ಆಕೆ ಹಸನು ಮಾಡುತ್ತಿದ್ದ ಜೋಳದ ಮರವನ್ನು ಕೆಳಗಿಟ್ಟು, “ಭೂಮಿ ಮ್ಯಾಲೆ ಏನರ ಆಡ್ಲಿ, ತಮ್ಮಾ. ನೀರಿನ ಸುದ್ದಿ ಈ ಮನ್ಯಾಗ ಬ್ಯಾಡ” ಎಂದಳು. ಅಷ್ಟೇ. ಸಿಟ್ಟಿರಲಿಲ್ಲ, ಅದಕ್ಕೇ ಎದುರು ಆಡುವುದು ಕಠಿಣವಾಯಿತು.

ಆಗ ನನಗೆ ನಮ್ಮ ನಾಡಿನ ನಿಶಾ ಮಿಲ್ಲೆಟ್ ಅವರ ಸಂಗತಿ ನೆನಪಾಯಿತು. ಬೆಂಗಳೂರಿನಲ್ಲಿ ೧೯೮೨ರಲ್ಲಿ ಹುಟ್ಟಿದ ಆಕೆ ಐದು ವರ್ಷದ ಕೂಸಾಗಿದ್ದಾಗ ನೀರಿನಲ್ಲಿ ಮುಳುಗಿ ಸಾಯುವುದರಲ್ಲಿದ್ದರು. ಅಂಥ ಮಗುವನ್ನು ತಂದೆ ನೀರಿನಿಂದ ದೂರವಿರಿಸಲಿಲ್ಲ. ಮತ್ತೆ ನೀರಿಗೆ ಕರೆತಂದು ಈಜು ಕಲಿಯುವಂತೆ ಹಟ ಹಿಡಿದರು. ಆ ಮಗುವೇ ಮುಂದೆ ೨೦೦೦ನೆಯ ಸಿಡ್ನಿಯ ಒಲಿಂಪಿಕ್ಕಿನಲ್ಲಿ ಭಾರತದ ಪರವಾಗಿ ಈಜಿದಳು. ತ್ರಿವಿಧ ಪಂದ್ಯವು ಒಲಿಂಪಿಕ್ಕಿಗೆ ಕಾಲಿಟ್ಟ ಕೂಟವೂ ಅದೇ. ಅಂಜಿಕೆಗೆ ಎರಡು ಮದ್ದುಗಳುಂಟು: ಒಂದು ದೂರವಿರುವುದು, ಇನ್ನೊಂದು ಕಲಿಯುವುದು. ಮೊದಲನೆಯದು ಮಗು ನಮ್ಮ ಕಣ್ಣೆದುರಿಗೆ ಇರುವವರೆಗೆ ಮಾತ್ರ ನಡೆಯುತ್ತದೆ.

ಇದನ್ನು ತಾಯಿಗೆ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಮೊದಲ ನೀ ಕಲಿ. ನೀ ಕಲಿತರ ಹುಡುಗರ ಸಂಗತೀಲೆ ನಿಲ್ಲಾವ ಒಬ್ಬನರ ಇರ್ತಾನ” ಎಂದಳು. ಆಕೆಯ ತಮ್ಮನು ಹೋದ ದಿನ ದಂಡೆಯ ಮೇಲೆ ನಿಂತಿದ್ದ ನಾಲ್ವರನ್ನು ಆಕೆ ಮರೆತಿರಲಿಲ್ಲವೆಂಬುದು ಆಗ ನನಗೆ ಅರಿವಾಯಿತು.

ಬೇಸಿಗೆಯ ಸೂಟಿಯಲ್ಲಿ ನಾವು ಮೂವರೂ ಹುಬ್ಬಳ್ಳಿಯ ನೆಂಟರ ಮನೆಯಲ್ಲಿ ಉಳಿದು ಅಲ್ಲಿಯ ಒಂದು ಈಜುಕೊಳಕ್ಕೆ ದಿನಾಲು ಹೋದೆವು. ಹಿಂದೆ ನಮ್ಮ ಹಿರಿಯರು ಒಣಗಿದ ಸೋರೆಯ ಬುರುಡೆಯನ್ನು ಬೆನ್ನಿಗೆ ಕಟ್ಟಿ ಮಕ್ಕಳನ್ನು ಬಾವಿಗಿಳಿಸುತ್ತಿದ್ದರಷ್ಟೆ. ಇಂದಿನ ಗುರುಗಳು ಅದನ್ನು ಕಟ್ಟುವುದಿಲ್ಲ. ಕೈಕಾಲು ಬಡಿಯುವುದನ್ನೂ ಮೊದಲು ಕಲಿಸುವುದಿಲ್ಲ. ಮೊದಲನೆಯ ಪಾಠ ಉಸಿರು. ಎದೆಯುದ್ದ ನೀರಿನಲ್ಲಿ ನಿಂತು, ಮೋರೆಯನ್ನು ಮುಳುಗಿಸಿ, ಮೂಗು ಬಾಯಿಗಳಿಂದ ಗುಳ್ಳೆಗಳನ್ನು ಬಿಡುವುದು. ಎರಡನೆಯ ಪಾಠ ತೇಲುವುದು: ಅಂಗಾತ ಮಲಗಿ, ಕಿವಿ ನೀರಿನೊಳಗೆ, ಕಣ್ಣು ಆಕಾಶದ ಕಡೆಗೆ. ಶ್ವಾಸಕೋಶದಲ್ಲಿ ಗಾಳಿಯಿರುವವರೆಗೆ ಮನುಷ್ಯನ ಮೈ ನೀರಿನ ಮೇಲೆ ನಿಲ್ಲಬಲ್ಲುದು. ಕೈಗಳನ್ನು ಮೇಲೆತ್ತಿ ಒದರಾಡಿದರೆ ಆ ಭಾರಕ್ಕೆ ಮೋರೆ ಮುಳುಗುತ್ತದೆ. ಮೂರನೆಯ ಪಾಠದಲ್ಲಿ ಕಾಲು, ನಾಲ್ಕನೆಯದರಲ್ಲಿ ಕೈ. ಮಕ್ಕಳು ಹತ್ತು ದಿನಗಳಲ್ಲಿ ಕಲಿತುದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ನನ್ನ ಮಗನು ಪಕ್ಕದಲ್ಲಿ ತೇಲುತ್ತ, “ಅಪ್ಪಾ, ಹೊಟ್ಟಿ ಮ್ಯಾಲೆತ್ತು” ಎಂದು ನನಗೇ ಪಾಠ ಹೇಳುವಷ್ಟಾದನು. ತಂದೆಯಾದವನು ಮಗುವಿನ ಎದುರಿಗೆ ಕಲಿಯುವವನಾಗಿ ನಿಲ್ಲುವುದರಿಂದ ಮರ್ಯಾದೆ ಕಡಿಮೆಯಾಗುವುದಿಲ್ಲ. ಮಗುವಿಗೆ ಕಲಿಯುವುದರ ನಾಚಿಕೆ ಹೋಗುತ್ತದೆ.

ಹುಡುಗಿಯ ವಿಷಯದಲ್ಲಿ ಇನ್ನೊಂದು ತೊಡಕು ಬಂದಿತು. ಓಣಿಯ ಕೆಲವರು, “ದೊಡ್ಡವಳಾಗೋ ಹುಡುಗಿಗೆ ಇದೆಲ್ಲಾ ಯಾಕ?” ಎಂದರು. ಮೈತುಂಬ ಮುಚ್ಚುವ ಈಜಿನ ಉಡುಪು ದೊರೆಯುತ್ತದೆ. ಹೆಣ್ಣುಮಕ್ಕಳಿಗೆ ಬೇರೆ ವೇಳೆಯನ್ನಿಡುವ ಈಜುಕೊಳಗಳೂ ಉಂಟು. ಆದುದರಿಂದ ಅದು ಪರಿಹಾರವಿಲ್ಲದ ತೊಡಕಲ್ಲ. ಆದರೆ ಆ ಮಾತಿಗೆ ಉತ್ತರ ಕೊಟ್ಟವಳು ನನ್ನ ಅತ್ತಿಗೆ. “ಬಾವಿ ಹೆಣ್ಣು ಗಂಡು ನೋಡೂದಿಲ್ಲ” ಎಂದಳು. ಓಣಿಯಲ್ಲಿ ಮತ್ತೆ ಆ ಪ್ರಶ್ನೆ ಏಳಲಿಲ್ಲ. ಬೆಂಗಳೂರಿನ ಧಿನಿಧಿ ದೇಸಿಂಗು ಎಂಬ ಬಾಲಿಕೆ ಹದಿನಾಲ್ಕನೆಯ ವಯಸ್ಸಿನಲ್ಲಿ ೨೦೨೪ರ ಪ್ಯಾರಿಸ್ ಒಲಿಂಪಿಕ್ಕಿನಲ್ಲಿ ೨೦೦ ಮೀಟರಿನ ಈಜಿಗೆ ಇಳಿದ ಸುದ್ದಿಯನ್ನು ನಮ್ಮ ಹುಡುಗಿ ಪತ್ರಿಕೆಯಿಂದ ಕತ್ತರಿಸಿ ತನ್ನ ಪಾಟಿಚೀಲದಲ್ಲಿ ಇಟ್ಟುಕೊಂಡಿದ್ದಳು. ತಾನು ಈಜಬೇಕಾದ ದೂರವೂ ಅಷ್ಟೇ ಎಂಬುದು ಅವಳ ಹೆಮ್ಮೆ.

ಸೂಟಿ ಮುಗಿದ ಮೇಲೆ ತಿಂಗಳಿಗೆ ಎರಡು ರವಿವಾರ ಹುಬ್ಬಳ್ಳಿಗೆ ಹೋಗಿ ಬರತೊಡಗಿದೆವು. ನಸುಕಿನ ಬಸ್ಸು, ಬುತ್ತಿ, ಹಸಿ ಬಟ್ಟೆಯ ಗಂಟು, ರಾತ್ರಿಯ ಬಸ್ಸು. ಖರ್ಚೂ ಆಯಿತು, ದಣಿವೂ ಆಯಿತು. ಬೇಸರ ಬಂದಾಗ ನಮ್ಮ ಜಿಲ್ಲೆಯವರೇ ಆದ ಸುನೀಲ ಜೋಶಿಯವರ ಬಾಲ್ಯವನ್ನು ಮಕ್ಕಳಿಗೆ ಹೇಳುತ್ತಿದ್ದೆ. ಆ ಹುಡುಗನು ಗದಗಿನಿಂದ ಸುಮಾರು ಅರುವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಗೆ ನಸುಕಿನಲ್ಲಿ ಹೋಗಿ, ಕ್ರಿಕೆಟ್ಟಿನ ಅಭ್ಯಾಸ ಮುಗಿಸಿ, ಶಾಲೆಯ ವೇಳೆಗೆ ಮರಳುತ್ತಿದ್ದನು. ಅದೇ ಹುಡುಗನು ಬೆಳೆದು ೧೯೯೯ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕೆಯ ಮೇಲೆ ಹತ್ತು ಓವರುಗಳಲ್ಲಿ ಆರೇ ಓಟಗಳನ್ನು ಕೊಟ್ಟು ಐದು ಮಂದಿಯನ್ನು ಕೆಡವಿದನು. ದೊಡ್ಡ ಊರಿನ ಅನುಕೂಲಗಳು ಚಿಕ್ಕ ಊರಿನ ಮಗುವಿಗೆ ಮನೆಯ ಬಾಗಿಲಿಗೆ ಬರುವುದಿಲ್ಲ, ಹುಡುಕಿಕೊಂಡು ಹೋಗಬೇಕು.

ಊರಿನಲ್ಲಿಯ ಅಭ್ಯಾಸ ಸುಲಭವಾಗಿದ್ದಿತು. ವಾರಕ್ಕೆ ಎರಡು ದಿನ ಓಟ, ಎರಡು ದಿನ ಸಾಯಕಲ್ಲು, ಒಂದು ದಿನ ಎರಡನ್ನೂ ಕೂಡಿಸಿ, ಉಳಿದ ದಿನ ಬಿಡುವು. ಈ ಬಿಡುವನ್ನು ಯಾರೂ ಆಲಸ್ಯವೆಂದು ತಿಳಿಯಬಾರದು. ಬೆಳೆಯುವ ಎಲುಬಿಗೆ ಕೆಲಸವೆಷ್ಟು ಬೇಕೋ ವಿಶ್ರಾಂತಿಯೂ ಅಷ್ಟೇ ಬೇಕು. ಒಂದೇ ಬಗೆಯ ಶ್ರಮವನ್ನು ದಿನಾಲು ಹೇರಿದರೆ ಕೀಲುಗಳು ನೋಯುತ್ತವೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ಸರಾಸರಿ ದಿನಕ್ಕೆ ಒಂದು ಗಂಟೆಯ ಮೈದಣಿವು ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಈ ತ್ರಿವಿಧ ಅಭ್ಯಾಸದ ಗುಣವೆಂದರೆ ಆ ಒಂದು ಗಂಟೆಯ ಭಾರವು ಇಂದು ತೋಳಿಗೆ, ನಾಳೆ ತೊಡೆಗೆ, ನಾಡಿದು ಮೀನಖಂಡಕ್ಕೆ ಹಂಚಿಹೋಗುವುದು.

ಸಾಯಕಲ್ಲು ಹೊಸದಾಗಿರಬೇಕೆಂಬ ನಿಯಮವಿಲ್ಲ. ನಮ್ಮ ಹುಡುಗಿ ತುಳಿದದ್ದು ಅವಳ ಅಕ್ಕನಿಗೆ ಶಾಲೆಯಲ್ಲಿ ಕೊಟ್ಟ ಹಳೆಯ ಸಾಯಕಲ್ಲನ್ನೇ. ನೋಡಬೇಕಾದುದು ಮೂರು: ಎರಡೂ ಬ್ರೇಕುಗಳು ಗಟ್ಟಿಯಾಗಿ ಹಿಡಿಯಬೇಕು, ಆಸನದ ಮೇಲೆ ಕುಳಿತು ಪೆಡಲನ್ನು ಪೂರ್ತಿ ಕೆಳಗೆ ಒತ್ತಿದಾಗ ಮೊಣಕಾಲು ತುಸುವೇ ಬಾಗಿರಬೇಕು, ಮಗುವಿನ ತಲೆಗೆ ಸರಿಯಾದ ಹೆಲ್ಮೆಟ್ಟು ಇರಬೇಕು. ಮೊದಲ ಎರಡಕ್ಕೆ ನಮ್ಮ ಊರ ಸಾಯಕಲ್ಲು ರಿಪೇರಿಯವನಿಗೆ ಅರ್ಧ ಗಂಟೆ ಸಾಕಾಯಿತು. ಹೆಲ್ಮೆಟ್ಟಿಗೆ ಹಣ ಬಿದ್ದಿತು; ಅದರಲ್ಲಿ ಮಾತ್ರ ಕೃಪಣತೆ ಸಲ್ಲದು.

ಸಾಯಕಲ್ಲಿನಿಂದ ಇಳಿದ ಕೂಡಲೆ ಓಡುವುದೇ ಈ ಪಂದ್ಯದ ಗುಟ್ಟು. ಅಷ್ಟು ಹೊತ್ತು ವರ್ತುಲವಾಗಿ ತಿರುಗಿದ ಕಾಲುಗಳು ನೆಲಕ್ಕಿಳಿದಾಗ ತಮ್ಮವಲ್ಲವೆಂಬಂತೆ ಭಾರವಾಗುತ್ತವೆ. “ಕಾಕಾ, ಕಾಲಿಗೆ ಎರಿಮಣ್ಣು ಹತ್ತಿದಂಗ ಆಗತೈತಿ” ಎಂದಳು ನಮ್ಮ ಹುಡುಗಿ. ಮಳೆಯಲ್ಲಿ ನಮ್ಮ ಹೊಲದಲ್ಲಿ ನಡೆದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಇದಕ್ಕೆ ಮದ್ದು ಅಭ್ಯಾಸವೊಂದೇ: ಸ್ವಲ್ಪ ದೂರ ತುಳಿದು, ಇಳಿದು, ಸಣ್ಣ ಹೆಜ್ಜೆಗಳಿಂದ ಸ್ವಲ್ಪ ದೂರ ಓಡುವುದು. ನಾಲ್ಕೈದು ವಾರಗಳಲ್ಲಿ ಆ ಭಾರವು ಎರಡು ನಿಮಿಷಗಳಲ್ಲಿ ಇಳಿಯತೊಡಗಿತು.

ಒಂದು ಆಟದಿಂದ ಇನ್ನೊಂದಕ್ಕೆ ದಾಟುವ ಸ್ಥಳವನ್ನು ಬಲ್ಲವರು ನಾಲ್ಕನೆಯ ಪಂದ್ಯವೆಂದೇ ಕರೆಯುತ್ತಾರೆ. ನೀರಿನಿಂದ ಎದ್ದು ಬಂದ ಮಗು ಮೊದಲು ಹೆಲ್ಮೆಟ್ಟು ಧರಿಸಿ ಅದರ ಪಟ್ಟಿಯನ್ನು ಗದ್ದದ ಕೆಳಗೆ ಬಿಗಿಯಬೇಕು. ಅನಂತರವೇ ಸಾಯಕಲ್ಲನ್ನು ಮುಟ್ಟಬೇಕು. ಗೆರೆಯೊಂದನ್ನು ದಾಟುವವರೆಗೆ ಅದನ್ನು ತಳ್ಳಿಕೊಂಡೇ ಹೋಗಬೇಕು. ನಾವು ಇದನ್ನು ಅಂಗಳದಲ್ಲಿ ಆಡಿಸಿದೆವು. ಒಂದು ಟಾವೆಲಿನ ಮೇಲೆ ಬೂಟು, ಅದರ ಮೇಲೆ ಹೆಲ್ಮೆಟ್ಟು; ಬೂಟಿಗೆ ಗಂಟು ಹಾಕುವ ಲೇಸಿನ ಬದಲು ಎಲಾಸ್ಟಿಕ್ ದಾರ. ಮೈಮೇಲೆ ಒಂದು ಕೊಡ ನೀರು ಸುರಿದುಕೊಂಡು ಹುಡುಗರು ಓಡಿ ಬರುವರು; ಕಟ್ಟೆಯ ಮೇಲೆ ಕುಳಿತ ನನ್ನ ತಾಯಿ ಒಂದು, ಎರಡು ಎಂದು ಎಣಿಸುವಳು. ನೀರಿನ ಸುದ್ದಿ ಬೇಡವೆಂದವಳು ನೀರು ಸುರಿದ ಮಕ್ಕಳ ಲೆಕ್ಕ ಹಿಡಿಯತೊಡಗಿದ್ದನ್ನು ನಾವು ನೋಡಿಯೂ ನೋಡದವರಂತೆ ಇದ್ದೆವು.

ಆಹಾರದ ವಿಷಯದಲ್ಲಿ ಜಾಹೀರಾತುಗಳಿಗೆ ಮರುಳಾಗಬೇಕಾದುದಿಲ್ಲ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾದ ಹಿಂಡಿ, ಮೊಸರು, ಒಂದು ಬಾಳೆಯ ಹಣ್ಣು. ಇಷ್ಟರಲ್ಲಿ ಬೆಳೆಯುವ ಮಗುವಿಗೆ ಬೇಕಾದುದು ಬಹುಮಟ್ಟಿಗೆ ಬಂದಿತು. ಶ್ರಮಕ್ಕಿಂತ ಎರಡು ಮೂರು ಗಂಟೆ ಮೊದಲು ಊಟ ಮುಗಿದಿರಬೇಕು. ಬಾಯಾರುವವರೆಗೆ ಕಾಯದೆ ಆಗಾಗ ನೀರು ಕುಡಿಸಬೇಕು. ದಣಿದು ಬಂದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಉತ್ತಮ. ನಮ್ಮ ಸೀಮೆಯ ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಓಟ ಕೂಡದು. ಉಬ್ಬಸವುಳ್ಳ ಮಕ್ಕಳನ್ನೂ ಹೃದಯದ ದೋಷವುಳ್ಳವರನ್ನೂ ವೈದ್ಯರಿಗೆ ತೋರಿಸದೆ ಇಂಥ ಅಭ್ಯಾಸಕ್ಕೆ ತೊಡಗಿಸಬಾರದು.

ಪಂದ್ಯದ ದಿನವು ಚಳಿಗಾಲದಲ್ಲಿ ಬಂದಿತು. ದೂರದ ಒಂದು ದೊಡ್ಡ ಊರು. ತಾಯಿ ತಾನೂ ಬರುವೆನೆಂದಳು. ಯಾರೂ ಯಾಕೆಂದು ಕೇಳಲಿಲ್ಲ. ನಸುಕಿನಲ್ಲಿ ಮಕ್ಕಳ ತೋಳುಗಳ ಮೇಲೆ ಅಂಕೆಗಳನ್ನು ಬರೆದರು. ಸುತ್ತಲಿನ ಮಕ್ಕಳ ಸಾಯಕಲ್ಲುಗಳು ಒಂದು ಕೈಯಿಂದ ಎತ್ತುವಷ್ಟು ಹಗುರವಾದವು. ನಮ್ಮದರ ಮುಂದೆ ತಂತಿಯ ಬುಟ್ಟಿಯಿತ್ತು. ಹುಡುಗಿ ಅದನ್ನು ಕಂಡು ತಲೆತಗ್ಗಿಸಿದಳು. ನಾನು ಸಮಾಧಾನ ಹೇಳುವುದರೊಳಗೆ ಆಕೆಯ ಆಯಿ, “ಬುಟ್ಟಿ ಇದ್ದರ ಛಲೋನ ಆತು, ನೀರಿನ ಬಾಟ್ಲಿ ಇಡ್ಲಿಕ್ಕೆ” ಎಂದಳು.

ಮಗನ ವರ್ಗ ಮೊದಲು. ನಾಲ್ಕು ಸಲ ಕೊಳವನ್ನು ದಾಟಿ ಎದ್ದು ಬಂದವನು ಸಂಭ್ರಮದಲ್ಲಿ ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಸಾಯಕಲ್ಲು ಹಿಡಿದನು. ಮೇಲ್ವಿಚಾರಕರು ತಡೆದು ನಿಲ್ಲಿಸಿದರು. ಪಟ್ಟಿ ಬಿಗಿದ ಮೇಲೆ ಬಿಟ್ಟರು. ಆ ಹೊತ್ತಿನಲ್ಲಿ ಆರು ಮಂದಿ ಮುಂದೆ ಹೋದರು. ಅವನಿಗೆ ಅಳು ಬಂದಿತು. ಅಳುತ್ತಲೇ ತುಳಿದನು, ಅಳುತ್ತಲೇ ಓಡಿದನು, ಮುಗಿಸಿದ ಮೇಲೆ ಅಳುವುದನ್ನು ಮರೆತನು.

ಹುಡುಗಿಯ ಸರದಿ ಬಂದಾಗ ತಾಯಿ ಕೊಳದ ಅಂಚಿನ ಕಟಕಟೆಯನ್ನು ಹಿಡಿದು ನಿಂತಿದ್ದಳು. ಎಂಟರಲ್ಲಿ ಐದು ಸಲ ದಾಟುವವರೆಗೆ ಎಲ್ಲ ಸರಿಯಾಗಿದ್ದಿತು. ಆರನೆಯ ಸಲ ನಡುಗೊಳದಲ್ಲಿ ಪಕ್ಕದವಳ ಕಾಲಿನ ನೀರು ಬಾಯಿಗೆ ಹೋಗಿ ಅವಳು ಕೆಮ್ಮಿದಳು; ಲಯ ತಪ್ಪಿತು; ತಲೆ ಒಮ್ಮೆ ಮುಳುಗಿತು. ತಾಯಿಯ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ರಕ್ಷಕನು ದಂಡೆಯಲ್ಲಿ ಎದ್ದು ನಿಂತನು. ಅಷ್ಟರಲ್ಲಿ ಹುಡುಗಿ ಅಂಗಾತ ತಿರುಗಿ, ಕೈಗಳನ್ನು ಚಾಚಿ, ಆಕಾಶವನ್ನು ನೋಡುತ್ತ ಸುಮ್ಮನೆ ತೇಲಿದಳು. ಮೂರು ಉಸಿರು, ನಾಲ್ಕು ಉಸಿರು. ಕೆಮ್ಮು ನಿಂತಿತು. ಮತ್ತೆ ತಿರುಗಿ ಈಜತೊಡಗಿದಳು. ನನ್ನ ಮಣಿಕಟ್ಟಿನ ಹಿಡಿತ ಮಾತ್ರ ಎಂಟನೆಯ ಸಲ ಮುಗಿಯುವವರೆಗೆ ಸಡಿಲಾಗಲಿಲ್ಲ.

ನೀರಿನಿಂದ ಕೊನೆಯವಳಾಗಿ ಎದ್ದ ಆ ಹುಡುಗಿ ಬುಟ್ಟಿಯ ಸಾಯಕಲ್ಲಿನ ಮೇಲೆ ಏಳು ಮಂದಿಯನ್ನು ಹಿಂದೆ ಹಾಕಿದಳು. ಎರಡು ಕಿಲೋಮೀಟರಿನ ಓಟದಲ್ಲಿ ಇನ್ನೂ ನಾಲ್ವರನ್ನು. ಬಹುಮಾನ ಬರಲಿಲ್ಲ. ಮುಗಿಸಿದವರಿಗೆಲ್ಲ ಕೊಡುವ ಪದಕ ಬಂದಿತು. ಅದನ್ನು ಅವಳು ಆಯಿಯ ಕೊರಳಿಗೆ ಹಾಕಿದಳು. ಆಕೆ ಹಿಂದಿರುಗುವ ಬಸ್ಸಿನಲ್ಲಿ ಅದನ್ನು ತೆಗೆಯದೆಯೇ ನಿದ್ದೆಹೋದಳು.

ಮನೆಗೆ ಬಂದ ಮರುದಿನ ತಾಯಿ ನನ್ನ ಆರು ವರ್ಷದ ಕಿರಿಯ ಮಗಳನ್ನು ಕೈಹಿಡಿದು ಕರೆತಂದು ನನ್ನ ಮುಂದೆ ನಿಲ್ಲಿಸಿ, “ಈಕಿಗೂ ಕಲಸು. ತಡಾ ಮಾಡಬ್ಯಾಡ” ಎಂದಳು. ಆಮೇಲೆ ತುಸು ಹೊತ್ತು ಬಿಟ್ಟು, “ಅವಗೂ ಯಾರರ ಹಂಗ ಮಲಗೂದು ಕಲಿಸಿದ್ದರ…” ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸಿದಳು.

ಗೃಹಸ್ಥರು ಈ ಅರ್ಧ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನನ್ನ ಬಿನ್ನಹ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ ೨೦೨೧ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಅವರಲ್ಲಿ ಹತ್ತಿರ ಹತ್ತಿರ ಕಾಲು ಪಾಲು ಐದು ವರ್ಷದೊಳಗಿನ ಕೂಸುಗಳು. ನಮ್ಮ ಒಣಭೂಮಿಯಲ್ಲಿ ನೀರೆಲ್ಲಿದೆ ಎನ್ನುವಂತಿಲ್ಲ. ೨೦೧೪ರಲ್ಲಿ ತೊಡಗಿದ ಕೃಷಿಭಾಗ್ಯ ಯೋಜನೆಯಿಂದ ಹೊಲಗಳಲ್ಲಿ ಕೃಷಿಹೊಂಡಗಳಾಗಿವೆ. ಬೆಳೆಗೆ ಅವು ಜೀವದಾನ. ಮಕ್ಕಳಿಗೆ ಅವು ಬೋನು. ನೀರು ಇಂಗದಂತೆ ಹಾಸಿದ ಪ್ಲ್ಯಾಸ್ಟಿಕ್ ಹಾಳೆಯ ಮೇಲೆ ಪಾಚಿ ಬೆಳೆದು ಜಾರುತ್ತದೆ. ಈಜು ಬಲ್ಲವನಿಗೂ ಏರಿ ಬರಲು ಹಿಡಿತ ದೊರೆಯುವುದಿಲ್ಲ. ನಮ್ಮ ನೆರೆಯ ಸೂಡಿಯಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ನಾಗಕುಂಡವನ್ನು ನೋಡಿದವರಿಗೆ ತಿಳಿದೀತು: ಹಿಂದಿನವರು ನೀರಿಗೆ ಇಳಿಯುವ ದಾರಿಯನ್ನು ಮಾಡುವಾಗಲೇ ಏರುವ ದಾರಿಯನ್ನೂ ಮಾಡಿದ್ದರು. ಹೊಂಡದ ಸುತ್ತ ಬೇಲಿ, ನಾಲ್ಕೂ ಬದಿಗೆ ಗೂಟಕ್ಕೆ ಬಿಗಿದು ನೀರಿಗೆ ಇಳಿಬಿಟ್ಟ ಗಂಟುಗಂಟಿನ ಹಗ್ಗ. ಇಷ್ಟು ಮಾಡಲು ಹೆಚ್ಚಿನ ವೆಚ್ಚ ತಗಲದು.

ಇನ್ನೊಂದು ಮಾತು. ಮುಳುಗುವವನನ್ನು ಕಂಡ ಕೂಡಲೆ ತಾನೂ ಹಾರಬಾರದು. ದಂಡೆಯ ಮೇಲೆ ಮಲಗಿ ಕೋಲು ಚಾಚಬೇಕು. ಹಗ್ಗವನ್ನಾಗಲಿ ಸೀರೆ ಧೋತರವನ್ನಾಗಲಿ ಎಸೆಯಬೇಕು. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನಾದರೂ ಎಸೆಯಬೇಕು. ಈಜು ಬಾರದ ನಾಲ್ವರೂ ಒಂದು ಹಗ್ಗದಿಂದ ಒಂದು ಜೀವವನ್ನು ಉಳಿಸಬಲ್ಲರು. ಇದನ್ನು ನಮ್ಮ ಮನೆಯಲ್ಲಿ ಈಗ ಚಿಕ್ಕವರು ದೊಡ್ಡವರೆಲ್ಲರೂ ಬಲ್ಲರು.

ಈಜುಕೊಳ ದೂರವಿದೆಯೆಂದು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಯೂ ಇಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದೊಳಗೇ ಬಿದಿರಿನ ಅಟ್ಟವನ್ನು ಮುಳುಗಿಸಿ ಕಟ್ಟಿ, ಆಳವನ್ನು ಮಗುವಿನ ಎದೆಯ ಮಟ್ಟಕ್ಕೆ ತಂದು, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳಿಗೆ ತರಬೇತಿ ಹೊಂದಿದವರಿಂದ ಈಜು ಕಲಿಸುತ್ತ ಬಂದಿದ್ದಾರೆ. ಬಿದಿರೂ ಹಗ್ಗವೂ ನಮ್ಮ ಕಡೆಯೂ ದೊರೆಯುತ್ತವೆ. ಬೇಕಾದುದು ಕಲಿಸಬಲ್ಲ ಒಬ್ಬ ಮನುಷ್ಯ, ಕಾವಲಿರುವ ಇಬ್ಬರು, ಕಲಿಯಲಿ ಎನ್ನುವ ಒಬ್ಬ ಅಜ್ಜಿ.

ನಮ್ಮ ಮಕ್ಕಳೆಲ್ಲರೂ ಪಂದ್ಯಗಳಿಗೆ ಹೋಗಬೇಕೆಂದು ನಾನು ಹೇಳುವುದಿಲ್ಲ. ಪಂದ್ಯವೊಂದು ನೆವ, ಅದು ಮಗುವಿಗೆ ಒಂದು ದಿನಾಂಕವನ್ನೂ ಒಂದು ಗುರಿಯನ್ನೂ ಕೊಡುತ್ತದೆ, ಮನೆಯವರನ್ನೆಲ್ಲ ಒಂದು ಕೆಲಸಕ್ಕೆ ಕೂಡಿಸುತ್ತದೆ. ಗೆದ್ದ ಪದಕಗಳು ಗೋಡೆಯ ಮೊಳೆಗೆ ತೂಗುವವು. ನೀರಿನಲ್ಲಿ ದಿಕ್ಕುಗೆಟ್ಟಾಗ ಅಂಗಾತ ತಿರುಗಿ ನಾಲ್ಕು ಉಸಿರು ಎಳೆದುಕೊಳ್ಳುವ ಧೈರ್ಯ ಮಾತ್ರ ಮಗುವಿನ ಮೈಯಲ್ಲಿಯೇ ಉಳಿಯುವುದು. ಮುಂದಿನ ಬೇಸಿಗೆಯ ಸೂಟಿಗೆ ಹುಬ್ಬಳ್ಳಿಯ ನೆಂಟರಿಗೆ ಪತ್ರ ಬರೆದಿದ್ದೇವೆ. ಈ ಸಲ ನಾವು ನಾಲ್ವರು.